ಬಸುರಿಯ ತಟ್ಟೆಗೂ ಕಾಳು ಬೀಳಲಿ

(ಸ್ವಸಹಾಯ ಸಂಘಗಳ ಸದಸ್ಯೆಯರ ಸಭೆಯಲ್ಲಿ ಆಡಿದ ಮಾತು)



ಬಸುರಿ ಏನು ಉಣ್ಣಬೇಕೆಂದು ನಿಮಗೆ ನಾನು ಹೇಳಿಕೊಡಬೇಕಾಗಿಲ್ಲ. ರಾಗಿ, ಬೇಳೆ, ಕಾಳು, ಸೊಪ್ಪು, ಹಾಲು, ಮೊಟ್ಟೆ. ನಾನು ಕೇಳುವುದು ಬೇರೆ. ಅವಳು ಉಣ್ಣುವುದು ಯಾವಾಗ? ಎಲ್ಲರೂ ಉಂಡು ಎದ್ದಮೇಲೆ ತಾನೆ? ಅಷ್ಟರಲ್ಲಿ ಕಾಳೆಲ್ಲ ಗಂಡಸರ ತಟ್ಟೆಗೆ ಹೋಗಿರುತ್ತದೆ. ಅವಳಿಗೆ ಉಳಿಯುವುದು ಮುದ್ದೆ, ತಿಳಿಸಾರು.

ಇದರ ಫಲ ರಕ್ತದಲ್ಲಿ ಕಾಣುತ್ತದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ನೂರು ಬಸುರಿಯರಲ್ಲಿ 52 ಮಂದಿಗೆ ರಕ್ತಹೀನತೆ. ಹಿಮೋಗ್ಲೋಬಿನ್ 11 ಗ್ರಾಂಗಿಂತ ಇಳಿದರೆ ಬಸುರಿಗೆ ರಕ್ತ ಸಾಲದು ಎಂದರ್ಥ. ಆಗ ಮಗು ದಿನ ತುಂಬುವ ಮೊದಲೇ ಹುಟ್ಟುವ, ಎರಡೂವರೆ ಕಿಲೋಗಿಂತ ಕಡಿಮೆ ತೂಗುವ ಭಯ ಹೆಚ್ಚು. ಹೆರಿಗೆಯಲ್ಲಿ ರಕ್ತ ಹೋದರೆ ತಾಯಿಯ ಜೀವಕ್ಕೇ ಅಪಾಯ.

"ಹೆಚ್ಚು ಉಂಡರೆ ಮಗು ದಪ್ಪವಾಗಿ ಹೆರಿಗೆ ಕಷ್ಟ" ಎನ್ನುತ್ತಾರೆ. ಹೊಟ್ಟೆಗೆ ಕಡಿಮೆ ಹಾಕಿದರೆ ಹೆರಿಗೆ ಸುಲಭವಾಗುವುದಿಲ್ಲ. ತಾಯಿಯೂ ಮಗುವೂ ಸೊರಗುತ್ತಾರೆ, ಅಷ್ಟೆ.

ಇನ್ನೊಂದು ಮಾತನ್ನೂ ನಾನು ಮನೆಮನೆಯಲ್ಲಿ ಕೇಳಿದ್ದೇನೆ: "ತವರಿಂದ ಏನು ತಂದಿದ್ದೀಯೆಂದು ಹಾಲು ಕೇಳುತ್ತೀ?" ವರದಕ್ಷಿಣೆಯ ಬಾಕಿಯನ್ನು ಹೀಗೆ ಬಸುರಿಯ ತಟ್ಟೆಯಲ್ಲಿ ವಸೂಲು ಮಾಡುತ್ತಾರೆ. ಹೊಡೆದರೆ ಬಾಸುಂಡೆ ಕಾಣುತ್ತದೆ. ಹಸಿವಿಗೆ ಗುರುತಿಲ್ಲ. ಆದರೆ ಇದೂ ದೌರ್ಜನ್ಯವೇ. ಮನೆಯಲ್ಲಿ ಹೆಣ್ಣಿಗೆ ಬೇಕಾದ ಅಗತ್ಯ ವಸ್ತುಗಳನ್ನು ತಡೆಹಿಡಿಯುವುದು 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯ ಪ್ರಕಾರ ಆರ್ಥಿಕ ದೌರ್ಜನ್ಯ. ರಕ್ಷಣಾಧಿಕಾರಿಗೆ ಅವಳೇ ಹೋಗಿ ಹೇಳಬೇಕೆಂದಿಲ್ಲ, ವಿಷಯ ತಿಳಿದ ಯಾರು ಬೇಕಾದರೂ ತಿಳಿಸಬಹುದು. ಅಂದರೆ ನೀವೂ ತಿಳಿಸಬಹುದು. 181ಕ್ಕೆ ಫೋನೂ ಮಾಡಬಹುದು.

ಅದಕ್ಕೂ ಮೊದಲು ಸಂಘ ಮಾಡಬಹುದಾದ ಕೆಲಸಗಳಿವೆ. ಅಂಗನವಾಡಿಯಲ್ಲೇ ಬಸುರಿ, ಬಾಣಂತಿಯರಿಗೆ ಬಿಸಿಯೂಟ, ಮೊಟ್ಟೆ, ಹಾಲು ಕೊಡುವ ಮಾತೃಪೂರ್ಣ ಯೋಜನೆ 2017ರಲ್ಲಿ ನಮ್ಮ ರಾಜ್ಯದಲ್ಲೆಲ್ಲ ಬಂತು. ಹೆಸರು ಬರೆಸಿದರೆ ಸಾಲದು. ಸೊಸೆಯನ್ನು ಹೊಸ್ತಿಲು ದಾಟಲು ಬಿಡದ ಮನೆಗೆ ನಾಲ್ಕು ಜನ ಕೂಡಿ ಹೋಗಿ ಮಾತಾಡಿ. ಆಶಾ ಕೊಡುವ ಕಬ್ಬಿಣಾಂಶದ ಮಾತ್ರೆಯನ್ನು ನಾಲ್ಕನೇ ತಿಂಗಳಿಂದ ದಿನಕ್ಕೊಂದರಂತೆ ಕನಿಷ್ಠ 180 ದಿನ ನುಂಗಬೇಕು. ಮಲ ಕಪ್ಪಾದರೆ ಹೆದರುವುದು ಬೇಡ. ಊಟಕ್ಕೆ ನಿಂಬೆಹಣ್ಣು ಹಿಂಡಿಕೊಂಡರೆ ಕಬ್ಬಿಣ ಚೆನ್ನಾಗಿ ಮೈಗೆ ಹತ್ತುತ್ತದೆ. ಊಟದ ಜೊತೆ ಟೀ ಕುಡಿದರೆ ಹತ್ತುವುದಿಲ್ಲ. ಕ್ಯಾಲ್ಸಿಯಂ ಮಾತ್ರೆಯನ್ನು ಬೇರೆ ಹೊತ್ತಿಗೆ ತೆಗೆದುಕೊಳ್ಳಬೇಕು.

ಇಲ್ಲಿ ಸೊಸೆಯರೂ ಕೂತಿದ್ದೀರಿ, ಅತ್ತೆಯರೂ ಕೂತಿದ್ದೀರಿ. ಅತ್ತೆಯರೇ, ನಿಮಗೂ ಬಸುರಿನಲ್ಲಿ ಯಾರೂ ಬಡಿಸಲಿಲ್ಲ, ನಾನು ಬಲ್ಲೆ. ಆ ಸಾಲವನ್ನು ಸೊಸೆಯ ಮೇಲೆ ಹಾಕಬೇಡಿ. ಸೌಟು ನಿಮ್ಮ ಕೈಯಲ್ಲಿದೆ. ಇವತ್ತು ರಾತ್ರಿಯೇ ಗಂಡಸರ ಜೊತೆ ಅವಳಿಗೂ ತಟ್ಟೆ ಹಾಕಿ, ತಳದಿಂದ ಕಾಳು ಎತ್ತಿ ಬಡಿಸಿ.

ಪ್ರತಿ ವಾರ ಉಳಿತಾಯದ ಪುಸ್ತಕ ಮುಚ್ಚುವ ಮುಂಚೆ ಪ್ರತಿಯೊಬ್ಬ ಬಸುರಿಯನ್ನೂ ಕೇಳಿ: "ಈ ವಾರ ಏನು ಉಂಡೆ? ಎಷ್ಟು ಹೊತ್ತಿಗೆ ಉಂಡೆ?" ಅವಳು ತಲೆ ತಗ್ಗಿಸಿದರೆ ಅಂದೇ ಅವಳ ಮನೆಗೆ ಹೋಗಿ.