ವರ್ಲಿಯ ಕಪ್ಪೆ, ಲೀತ್ ಸಾಹೇಬರ ಆಮೆ
(ಸಂಘದ ಕೂಟದಲ್ಲಿ ಮಾಡಿದ ಭಾಷಣ)



ಮಧ್ಯಾಹ್ನದ ಗಿರಾಕಿ ಮುಗಿಸಿ ಬೆವರು ಒರೆಸಿಕೊಳ್ಳುತ್ತ ಬಂದು ಕುಳಿತ ನಿಮ್ಮ ಮುಂದೆ ಕಪ್ಪೆ, ಆಮೆಗಳ ಮಾತು ತೆಗೆದರೆ ‘ಇವರಿಗೆ ಬೇರೆ ಕಸುಬಿಲ್ಲವೆ’ ಎಂದು ನೀವು ನಗಬಹುದು. ನಗಿರಿ. ಆದರೆ ಹೆಸರು ತಪ್ಪಿದರೆ ಆಗುವ ಫಜೀತಿ ನಮಗೆ ಗೊತ್ತಿರುವಷ್ಟು ಪಂಡಿತರಿಗೂ ಗೊತ್ತಿರಲಾರದು. ನಮ್ಮ ಸದಸ್ಯರೊಬ್ಬರು ಗಿರಣಿಯ ನೇಯ್ಗೆ ಖಾತೆಯಲ್ಲಿ ದುಡಿದವರು. ಊರಲ್ಲಿ ಅವರಿಗೆ ಒಂದು ಹೆಸರು. ಹಾಜರಿ ಪುಸ್ತಕದಲ್ಲಿ ಗುಮಾಸ್ತೆ ತನ್ನ ಕಿವಿಗೆ ಬಿದ್ದಂತೆ ಬರೆದದ್ದು ಇನ್ನೊಂದು. 1982ರ ಮುಷ್ಕರದ ತರುವಾಯ ಗಿರಣಿ ಮುಚ್ಚಿತು. ಪ್ರಾವಿಡೆಂಟ್ ಫಂಡಿನ ಹಣ ಕೇಳಹೋದಾಗ, ಆ ಹೆಸರಿನವನು ತಾನೇ ಎಂದು ತೋರಿಸಲು ಅವರು ಎರಡು ವರ್ಷ ಮೆಟ್ಟಿಲು ಹತ್ತಿ ಇಳಿದರು. ಸಂಘದ ಕಡೆಯಿಂದ ನಾವೂ ಜೊತೆಗೆ ಹೋಗಿ ಕಾದು ಕುಳಿತದ್ದುಂಟು.

ಇನ್ನು ವರ್ಲಿಗೆ ಬರೋಣ. ನಮ್ಮಲ್ಲಿ ಎಷ್ಟೋ ಜನ ಪಾಳಿ ಮುಗಿಸಿ ನಡೆದುಹೋದ ವರ್ಲಿ ಗುಡ್ಡದ ಕಲ್ಲು ಸುಮಾರು ಆರೂವರೆ ಕೋಟಿ ವರ್ಷಗಳ ಹಿಂದೆ ಹರಿದ ಬೆಂಕಿಯ ಹೊಳೆ. ಒಂದು ಹೊಳೆ ಆರಿ ಇನ್ನೊಂದು ಹರಿಯುವ ನಡುವೆ ಸಾವಿರಾರು ವರ್ಷಗಳ ಬಿಡುವು. ಆ ಬಿಡುವಿನಲ್ಲಿ ಸಿಹಿನೀರು ನಿಂತು ಕೆರೆಗಳಾದವು. ಕಪ್ಪೆಗಳು ಬಂದವು, ಆಮೆಗಳು ಬಂದವು, ಸತ್ತು ಕೆಸರಿನಲ್ಲಿ ಹೂತು ಕಲ್ಲಾದವು. ಜೋಗೇಶ್ವರಿಯ ಅಂಬೋಲಿ ಕಲ್ಲುಗಣಿಯಲ್ಲೂ ಇಂಥ ಪದರು ಇದೆ.

ವರ್ಲಿಯ ಕಪ್ಪೆಗೆ ಮೊದಲು ಹೆಸರಿಟ್ಟವರು ಲಂಡನ್ನಿನ ರಿಚರ್ಡ್ ಓವೆನ್, 1847ರಲ್ಲಿ. ‘ಡೈನೋಸಾರ್’ ಎಂಬ ಮಾತನ್ನು ಹುಟ್ಟಿಸಿದವರೂ ಇವರೇ. ಅವರು ಇದನ್ನು ‘ರಾನಾ ಪುಸಿಲ್ಲಾ’ ಎಂದರು. ರಾನಾ ಎಂಬುದು ಕುಲದ ಹೆಸರು, ಪುಸಿಲ್ಲಾ ಎಂದರೆ ಪುಟಾಣಿ. ನಮ್ಮ ಹಾಜರಿ ಪುಸ್ತಕದ ಹಾಗೆಯೇ ಇಲ್ಲಿಯೂ ಮನೆತನದ ಹೆಸರು ಮೊದಲು, ಸ್ವಂತದ್ದು ಆಮೇಲೆ. 1869ರಲ್ಲಿ ಭಾರತದ ಭೂವಿಜ್ಞಾನ ಸರ್ವೇಕ್ಷಣೆಯ ಸ್ಟೋಲಿಚ್ಕಾ ಎಲುಬುಗಳನ್ನು ಮತ್ತೆ ನೋಡಿ, ಇದು ರಾನಾ ಮನೆಯದಲ್ಲವೆಂದು ‘ಆಕ್ಸಿಗ್ಲಾಸಸ್’ ಕುಲಕ್ಕೆ ಸೇರಿಸಿದರು. 1930ರಲ್ಲಿ ಅಮೆರಿಕದ ನೋಬಲ್ ಅದನ್ನೂ ಒಪ್ಪಲಿಲ್ಲ. ಇದರ ನಂಟು ಆಸ್ಟ್ರೇಲಿಯದ ಕಪ್ಪೆಗಳ ಕಡೆಗಿದೆ ಎಂದು ಕಂಡು, ‘ಇಂಡೋಬಟ್ರಾಕಸ್’, ಅಂದರೆ ಭಾರತದ ಕಪ್ಪೆ, ಎಂಬ ಹೊಸ ಕುಲವನ್ನೇ ಕಟ್ಟಿದರು. ಮನೆ ಮೂರು ಬದಲಾದರೂ ‘ಪುಟಾಣಿ’ ಹೋಗಲಿಲ್ಲ. ಲ್ಯಾಟಿನ್ ವ್ಯಾಕರಣದ ಪ್ರಕಾರ ಪುಸಿಲ್ಲಾ ಹೋಗಿ ಪುಸಿಲ್ಲಸ್ ಆಯಿತು, ಅಷ್ಟೇ. ಮೊದಲು ಹೆಸರಿಟ್ಟ ಓವೆನ್ನರ ಹೆಸರನ್ನೂ ಪಕ್ಕದಲ್ಲಿ ಕಂಸದೊಳಗೆ ಬರೆಯುತ್ತಾರೆ. ಕಂಸ ಕಂಡೊಡನೆ, ಈ ಜೀವಿ ಮನೆ ಬದಲಿಸಿದ್ದು ಎಂದು ಓದುವವರಿಗೆ ತಿಳಿಯುತ್ತದೆ. ಆ ಗುಮಾಸ್ತೆಗೆ ಇಂಥದೊಂದು ಕಂಸ ಗೊತ್ತಿದ್ದರೆ!

ಆಮೆಯ ಕಥೆ ಇನ್ನೂ ಸ್ವಾರಸ್ಯ. ಮುಂಬಯಿಯಲ್ಲಿದ್ದ ವೈದ್ಯ ಕಾರ್ಟರ್ ಇದೇ ಬಗೆಯ ಪದರಿನ ಆಮೆಯೊಂದನ್ನು 1852ರಲ್ಲಿ ವರ್ಣಿಸಿ, ಡಾಕ್ಟರ್ ಲೀತ್ ಅವರ ಗೌರವಾರ್ಥ ‘ಟೆಸ್ಟುಡೊ ಲೀತೈ’ ಎಂದು ಕರೆದರು. ಟೆಸ್ಟುಡೊ ಎಂದರೆ ನೆಲದ ಆಮೆಯ ಕುಲ. 1871ರಲ್ಲಿ ಬ್ರಿಟಿಷ್ ಮ್ಯೂಸಿಯಮ್ಮಿನ ಗ್ರೇ, ಇದು ಕತ್ತನ್ನು ಪಕ್ಕಕ್ಕೆ ಮಡಚುವ ನೀರಾಮೆ ಎಂದು ‘ಹೈಡ್ರಾಸ್ಪಿಸ್’ ಕುಲಕ್ಕೆ ದಾಟಿಸಿದರು. 1950ರ ದಶಕದಲ್ಲಿ ಅಮೆರಿಕದ ಅರ್ನೆಸ್ಟ್ ವಿಲಿಯಮ್ಸ್ ಅಲ್ಲಿಂದಲೂ ಬಿಡಿಸಿ ‘ಕಾರ್ಟರೆಮಿಸ್’, ಅಂದರೆ ಕಾರ್ಟರನ ಆಮೆ, ಎಂದು ಹೆಸರಿಟ್ಟರು.

ನಡುವೆ ಒಂದು ತಂಟೆ ನಡೆಯಿತು. 1869ರಲ್ಲಿ ಗುಂಥರ್ ಎಂಬ ಪಂಡಿತರು ಈಜಿಪ್ಟಿನ ಮರಳುಗಾಡಿನ ಒಂದು ಚಿಕ್ಕ ಆಮೆಗೆ, ಅದು ಇಂದಿಗೂ ಬದುಕಿರುವ ಜಾತಿ, ಅದೇ ‘ಟೆಸ್ಟುಡೊ ಲೀತೈ’ ಎಂಬ ಹೆಸರಿಟ್ಟುಬಿಟ್ಟರು. ಒಂದೇ ಖಾತೆಯಲ್ಲಿ ಒಂದೇ ಹೆಸರಿನ ಇಬ್ಬರಿದ್ದರೆ ಪಗಾರದ ದಿನ ಏನಾಗುತ್ತದೆಂದು ನಿಮಗೆ ಹೇಳಬೇಕಿಲ್ಲ. ನಮ್ಮಲ್ಲಾದರೆ ಜಾಬರನಿಗೆ ಬೇಕಾದವನದೇ ಹೆಸರು ಉಳಿಯುತ್ತಿತ್ತು. ಪ್ರಾಣಿಗಳ ಪುಸ್ತಕದಲ್ಲಿ ಹಾಗಿಲ್ಲ. ಮೊದಲು ಬರೆಸಿದವನದು ಹೆಸರು. ನಮ್ಮ ಮುಂಬಯಿಯ ಆಮೆ ಸತ್ತು ಕಲ್ಲಾದದ್ದು, ಎದುರಾಳಿ ಜೀವಂತ; ಹೆಸರಿಟ್ಟ ಗುಂಥರ್ ಬ್ರಿಟಿಷ್ ಮ್ಯೂಸಿಯಮ್ಮಿನ ಖ್ಯಾತ ವಿದ್ವಾಂಸರು. ಆದರೂ 1852 ಎಂಬುದು 1869ಕ್ಕಿಂತ ಹಿಂದಿನದು. ಈಜಿಪ್ಟಿನ ಆಮೆ ಆ ಹೆಸರನ್ನು ಬಿಟ್ಟುಕೊಡಬೇಕಾಯಿತು. ಇಂದು ಅದಕ್ಕೆ ಸಲ್ಲುವ ಹೆಸರು ಫ್ರಾನ್ಸಿನ ಲಾರ್ಟೆ 1883ರಲ್ಲಿ ಇಟ್ಟ ‘ಟೆಸ್ಟುಡೊ ಕ್ಲೈನ್‌ಮನ್ನೈ’. ಮುಂಬಯಿಯ ಆಮೆ ಟೆಸ್ಟುಡೊ ಮನೆಯನ್ನು ಬಿಟ್ಟುಹೋದ ಮೇಲೂ ಆ ಜಾಗ ಈಜಿಪ್ಟಿನದಕ್ಕೆ ಸಿಗಲಿಲ್ಲವೆಂಬುದನ್ನು ಗಮನಿಸಿರಿ. ಕೆಲಸ ಬಿಟ್ಟುಹೋದವನ ದಾಖಲೆಗೂ ಅಲ್ಲಿ ಬೆಲೆಯುಂಟು. ಇದನ್ನು ನಮ್ಮ ಸದಸ್ಯರಿಗೆ ಹೇಳಿದಾಗ ಅವರು, “ಹಾಗಾದರೆ ನಾನು ಆಮೆಯಾಗಿ ಹುಟ್ಟಬೇಕಿತ್ತು ಮಾರಾಯ್ರೆ” ಎಂದರು.

ಕಪ್ಪೆಯ ವಿಚಾರ ಇನ್ನೂ ಮುಗಿದಿಲ್ಲ. ಅದರ ನಂಟರು ಯಾರೆಂಬ ಬಗ್ಗೆ ಬಲ್ಲವರಲ್ಲಿ ಒಮ್ಮತವಿಲ್ಲ. ನಾಳೆ ಅದು ನಾಲ್ಕನೆಯ ಮನೆಗೆ ಹೋದರೂ ಹೋದೀತು. ಆಗಲೂ ‘ಪುಟಾಣಿ’ ಜೊತೆಗೇ ಹೋಗುತ್ತದೆ, ಓವೆನ್ ಸಾಹೇಬರು ಕಂಸದಲ್ಲಿ ಕುಳಿತು ಹಿಂಬಾಲಿಸುತ್ತಾರೆ.