ಹಡಗಿನ ಪ್ರತಿಕೃತಿಯೂ ಅದರ ಕಡಲೂ



ಕಡಲನ್ನು ಕಾಣದ ಮೈಸೂರಿನ ಹೆಸರು ಒಂದು ಯುದ್ಧನೌಕೆಗೆ ಸಂದಿತೆಂಬುದನ್ನು ತಾವು ಬಲ್ಲಿರಿ. 1939ರಲ್ಲಿ ಇಂಗ್ಲೆಂಡಿನಲ್ಲಿ ನೀರಿಗಿಳಿದ ‘ನೈಜೀರಿಯಾ’ ಎಂಬ ಕ್ರೂಸರು 1957ರಲ್ಲಿ ‘ಮೈಸೂರು’ ಎಂಬ ಹೆಸರನ್ನು ತಳೆದು ಭಾರತದ ನೌಕಾಪಡೆಯನ್ನು ಸೇರಿತು. ಗಂಡಭೇರುಂಡವೇ ಅದರ ಲಾಂಛನವಾಗಿದ್ದಿತು. 1985ರಲ್ಲಿ ಅದು ಸೇವೆಯಿಂದ ನಿವೃತ್ತವಾಯಿತು. ಅನಂತರ ಅದನ್ನು ಒಡೆದುಹಾಕಿದರು. ಕಬ್ಬಿಣವು ಹೋದರೂ ಆಕಾರವಾದರೂ ಉಳಿಯಲೆಂದು ನಾವು ಅದರ ಪ್ರತಿಕೃತಿಯನ್ನು ಮಾಡಹೊರಟೆವು.

ಮೂಲನೌಕೆಯ ಉದ್ದವು 169 ಮೀಟರು. ಅದನ್ನು 350ರಲ್ಲಿ ಒಂದು ಪಾಲಿಗೆ ಇಳಿಸಿದರೆ 48 ಸೆಂಟಿಮೀಟರಾಗುತ್ತದೆ. ಈ ಪ್ರಮಾಣದಲ್ಲಿ ಆಳೆತ್ತರದ ನಾವಿಕನು 5 ಮಿಲಿಮೀಟರು ಮಾತ್ರ. ಮುಂದೆ ಎರಡು, ಹಿಂದೆ ಒಂದು, ಹೀಗೆ ಮೂರು ಫಿರಂಗಿಗೋಪುರಗಳನ್ನೂ ಅವುಗಳ ಒಂಬತ್ತು ನಳಿಕೆಗಳನ್ನೂ ಮರದಿಂದಲೂ ಹಿತ್ತಾಳೆಯ ತಂತಿಯಿಂದಲೂ ರಚಿಸಿದೆವು. ನೀರಿನಲ್ಲಿ ಮುಳುಗುವ ಭಾಗವನ್ನು ಕತ್ತರಿಸಿ, ಹಲಗೆಯ ಮೇಲೆ ಪ್ಲಾಸ್ಟರಿನಿಂದ ಕಡಲನ್ನು ಮಾಡಿ, ಕಣ್ಣಿಗೆ ಚೆಂದವೆಂದು ಎಲ್ಲೆಲ್ಲಿಯೂ ಎತ್ತರದ ಅಲೆಗಳನ್ನೆಬ್ಬಿಸಿದೆವು.

ನೌಕಾಪಡೆಯಲ್ಲಿ ದುಡಿದು ಬಂದಿದ್ದ ಹಿರಿಯರೊಬ್ಬರು ಅದನ್ನು ನೋಡಿ, “ಈ ಹಡಗು ಎಷ್ಟು ವೇಗದಲ್ಲಿ ಹೋಗುತ್ತಿದೆ, ಸ್ವಾಮಿ?” ಎಂದು ಕೇಳಿದರು. ನಮ್ಮಲ್ಲಿ ಉತ್ತರವಿರಲಿಲ್ಲ. ತಿಂಗಳುಗಟ್ಟಲೆ ಹಡಗನ್ನು ಅಳೆದವರು ನೀರನ್ನು ಅಳೆದೇ ಇರಲಿಲ್ಲ!

ಹಡಗು ತಾನೇ ಎಬ್ಬಿಸುವ ಅಲೆಗೂ ಅದರ ವೇಗಕ್ಕೂ ಖಚಿತವಾದ ಸಂಬಂಧವುಂಟು. ಗಂಟೆಗೆ ಒಂದು ಸಮುದ್ರಮೈಲಿಯ ವೇಗಕ್ಕೆ ನಾಟ್ ಎಂದು ಹೆಸರು. 30 ನಾಟ್ ವೇಗದಲ್ಲಿ ಒಂದು ಅಲೆಯ ತಲೆಯಿಂದ ಮುಂದಿನ ಅಲೆಯ ತಲೆಗೆ ಸುಮಾರು 153 ಮೀಟರು ಅಂತರ; ಅಂದರೆ ಮೂತಿಯ ಬಳಿ ಒಂದು ಉಬ್ಬು, ನಡುವೆ ತಗ್ಗು, ಹಿಂಬದಿಯ ಬಳಿ ಮತ್ತೊಂದು ಉಬ್ಬು. ವೇಗವು ಅರ್ಧವಾದರೆ ಅಂತರವು ಕಾಲುಪಾಲಿಗಿಳಿಯುತ್ತದೆ: 15 ನಾಟಿಗೆ 38 ಮೀಟರು, ನಮ್ಮ ಹಲಗೆಯ ಮೇಲೆ 11 ಸೆಂಟಿಮೀಟರು. ಆಳವಾದ ನೀರಿನಲ್ಲಿ ಹಡಗಿನ ಹಿಂದೆ ಬಿಚ್ಚಿಕೊಳ್ಳುವ ಅಲೆಗಳ ಬೀಸಣಿಗೆಯಾದರೋ ಸಾಮಾನ್ಯವಾಗಿ ಸುಮಾರು 39 ಡಿಗ್ರಿಗಳಷ್ಟು ಹರಡುತ್ತದೆ.

ಆದುದರಿಂದ ನಾವು ಹಳೆಯ ಕಡಲನ್ನು ಕೆತ್ತಿ ತೆಗೆದೆವು. ಶಾಂತವಾದ ನೀರು, 15 ನಾಟ್ ವೇಗವೆಂದು ಮೊದಲು ನಿಶ್ಚಯಿಸಿ, 11 ಸೆಂಟಿಮೀಟರಿಗೊಂದರಂತೆ ತಗ್ಗಾದ ಉಬ್ಬುಗಳನ್ನು ಹಡಗಿನ ಪಕ್ಕದುದ್ದಕ್ಕೂ ತಿದ್ದಿದೆವು. ಧ್ವಜವನ್ನೂ ಹೊಗೆಯನ್ನೂ ಒಂದೇ ದಿಕ್ಕಿಗೆ ತಿರುಗಿಸಿದೆವು. ಹತ್ತಿಯ ಎಳೆಯಿಂದ ಮಾಡಿದ ಬಿಳಿಯ ನೊರೆಯನ್ನು ಮೂತಿಯಲ್ಲಿಯೂ ಹಿಂಬದಿಯಲ್ಲಿಯೂ ಮಾತ್ರ ಇಟ್ಟು, ಉಳಿದ ನೀರಿಗೆ ಕಡುನೀಲಿ ಬಣ್ಣವನ್ನು ಬಳಿದು ಮೇಲೆ ವಾರ್ನಿಷನ್ನು ಹಚ್ಚಿದೆವು.

ಅದೇ ಹಿರಿಯರು ಮತ್ತೊಮ್ಮೆ ಬಂದರು. ನಾವು ಏನನ್ನೂ ಹೇಳಲಿಲ್ಲ. ಅವರು ಬಗ್ಗಿ, ಪಕ್ಕದ ಅಲೆಗಳನ್ನು ಬೆರಳಿನಿಂದ ಎಣಿಸಿ, “ಹದಿನೈದು ನಾಟ್ ಇರಬಹುದು,” ಎಂದರು. ಬಹಳ ಹೊತ್ತು ಅಲ್ಲಿಯೇ ನಿಂತಿದ್ದರು.