ಕತ್ತಲೆಯ ಹಾರ್ಮೋನು ಮತ್ತು ನಮ್ಮ ಹೃದಯ

(ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣ)



ನಾನು ವೈದ್ಯನಲ್ಲ, ಉರ್ದು ಮತ್ತು ಕನ್ನಡ ಕಲಿಸುವ ಶಿಕ್ಷಕ. ಆದರೂ ಈ ವಿಷಯ ಆರಿಸಿಕೊಂಡದ್ದಕ್ಕೆ ಕಾರಣವಿದೆ. ಕೆಲವು ತಿಂಗಳ ಹಿಂದೆ ನನ್ನ ಹಿರಿಯ ಸಹೋದ್ಯೋಗಿಯೊಬ್ಬರು ಒಂದು ಮಾತ್ರೆ ಡಬ್ಬಿ ತೋರಿಸಿ, "ಮೇಷ್ಟ್ರೇ, ಇದು ಮೆಲಟೋನಿನ್. ನಿದ್ದೆನೂ ಬರುತ್ತೆ, ಹಾರ್ಟಿಗೂ ಒಳ್ಳೇದಂತೆ. ಇನ್ನು ಬಿ.ಪಿ. ಮಾತ್ರೆ ಬಿಟ್ಟರೆ ಹೇಗೆ?" ಎಂದರು. ಮೊಬೈಲಿಗೆ ಬಂದ ಸಂದೇಶವೊಂದನ್ನು ಅವರು ನಂಬಿದ್ದರು. "ಡಾಕ್ಟರನ್ನು ಕೇಳದೆ ಬಿಡಬೇಡಿ ಸಾರ್" ಎಂದು ಹೇಳಿ, ಅಂದಿನಿಂದ ನಾನೇ ಓದತೊಡಗಿದೆ. ತಿಳಿದದ್ದನ್ನು ನಿಮ್ಮ ಮುಂದಿಡುತ್ತೇನೆ.

ನಮ್ಮ ಮೆದುಳಿನ ನಡುವೆ ಭತ್ತದ ಕಾಳಿನಷ್ಟು ಚಿಕ್ಕದಾದ ಪೀನಿಯಲ್ ಗ್ರಂಥಿ ಇದೆ. ಕತ್ತಲಾದ ಮೇಲೆ ಅದು ಮೆಲಟೋನಿನ್ ಎಂಬ ಹಾರ್ಮೋನನ್ನು ರಕ್ತಕ್ಕೆ ಬಿಡುತ್ತದೆ. ನಡುರಾತ್ರಿಯ ನಂತರ ಅದು ಹೆಚ್ಚಿ, ಬೆಳಗಾಗುತ್ತಲೇ ಇಳಿಯುತ್ತದೆ. 1958ರಲ್ಲಿ ಅಮೆರಿಕದ ಆರನ್ ಲರ್ನರ್ ಅವರ ತಂಡ ಇದನ್ನು ದನಗಳ ಪೀನಿಯಲ್ ಗ್ರಂಥಿಯಿಂದ ಬೇರ್ಪಡಿಸಿತು. "ರಾತ್ರಿಯಾಯಿತು, ವಿಶ್ರಮಿಸು" ಎಂದು ದೇಹಕ್ಕೆ ತಿಳಿಸುವುದು ಇದರ ಕೆಲಸ. ಕಣ್ಣಿಗೆ ಬೆಳಕು, ಅದರಲ್ಲೂ ಮೊಬೈಲಿನ ನೀಲಿ ಬೆಳಕು ಬಿದ್ದರೆ ಇದರ ಉತ್ಪತ್ತಿ ಕುಗ್ಗುತ್ತದೆ.

ಹೃದಯಕ್ಕೂ ಇದಕ್ಕೂ ಏನು ನಂಟು? ಆರೋಗ್ಯವಂತರಲ್ಲಿ ನಿದ್ದೆಯ ಹೊತ್ತಿಗೆ ರಕ್ತದೊತ್ತಡ ಸುಮಾರು ಶೇ. 10ರಿಂದ 20ರಷ್ಟು ಇಳಿಯುತ್ತದೆ. ಹಗಲೆಲ್ಲ ದುಡಿದ ಹೃದಯಕ್ಕೆ ಅದೇ ವಿರಾಮ. ಹೀಗೆ ಇಳಿಯದವರಲ್ಲಿ ಹೃದಯಾಘಾತ, ಪಾರ್ಶ್ವವಾಯುವಿನ ಅಪಾಯ ಹೆಚ್ಚು. 2004ರಲ್ಲಿ ನೆದರ್ಲೆಂಡ್ಸಿನಲ್ಲಿ ರಕ್ತದೊತ್ತಡವಿದ್ದ 16 ಪುರುಷರಿಗೆ ಮೂರು ವಾರ ರಾತ್ರಿ 2.5 ಮಿಲಿಗ್ರಾಂ ಮೆಲಟೋನಿನ್ ಕೊಟ್ಟು ನೋಡಿದರು. ರಾತ್ರಿಯ ಒತ್ತಡದಲ್ಲಿ ಮೇಲಿನ ಅಂಕಿ 6, ಕೆಳಗಿನದು 4 ಇಳಿಯಿತು. ಆಸೆ ಹುಟ್ಟಿದ್ದು ಇಂಥ ಅಧ್ಯಯನಗಳಿಂದ.

ಆದರೆ ಸಂದೇಶ ಕಳಿಸುವವರು ಉಳಿದರ್ಧವನ್ನು ಹೇಳುವುದಿಲ್ಲ. 2000ದಲ್ಲಿ ಇಟಲಿಯಲ್ಲಿ ನಿಫೆಡಿಪಿನ್ ಎಂಬ ಬಿ.ಪಿ. ಔಷಧಿ ತೆಗೆದುಕೊಳ್ಳುತ್ತಿದ್ದವರಿಗೆ ಮೆಲಟೋನಿನ್ ಕೊಟ್ಟಾಗ ಒತ್ತಡ ಇಳಿಯುವ ಬದಲು ಏರಿತು. 2017ರಲ್ಲಿ ಸ್ಪೇನಿನಲ್ಲಿ ಹೃದಯಾಘಾತವಾದ 146 ರೋಗಿಗಳ ಮೇಲೆ ಪ್ರಯೋಗ ಮಾಡಿದಾಗ, ಹೃದಯಕ್ಕಾದ ಹಾನಿ ಮೆಲಟೋನಿನ್‌ನಿಂದ ಕಡಿಮೆಯಾಗಲಿಲ್ಲ. 2025ರ ನವೆಂಬರಿನಲ್ಲಿ ಅಮೆರಿಕದ ಹೃದಯ ಸಂಘದ ಸಮ್ಮೇಳನದಲ್ಲಿ, ನಿದ್ರಾಹೀನತೆಯುಳ್ಳ 1,30,000ಕ್ಕೂ ಹೆಚ್ಚು ಜನರ ದಾಖಲೆಗಳ ಅಧ್ಯಯನವೊಂದು ಮಂಡನೆಯಾಯಿತು. ವರ್ಷಕ್ಕೂ ಮೀರಿ ಮೆಲಟೋನಿನ್ ಸೇವಿಸಿದವರಲ್ಲಿ ಐದು ವರ್ಷಗಳೊಳಗೆ ಶೇ. 4.6ರಷ್ಟು ಮಂದಿಗೆ ಹೃದಯ ವೈಫಲ್ಯ ಕಂಡಿತ್ತು, ಸೇವಿಸದವರಲ್ಲಿ ಶೇ. 2.7. ಇದಕ್ಕೆ ಮಾತ್ರೆಯೇ ಕಾರಣವೆಂದು ಆ ಅಧ್ಯಯನ ಸಾಬೀತು ಮಾಡಿಲ್ಲ. ಆದರೆ 'ಹೃದಯ ಕಾಯುವ ಮಾತ್ರೆ' ಎಂದು ನುಂಗುವವರಿಗೆ ಅದು ಎಚ್ಚರಿಕೆ. ಉರ್ದುವಿನಲ್ಲಿ ಒಂದು ಗಾದೆಯಿದೆ: ನೀಮ್ ಹಕೀಮ್ ಖತ್ರಾ-ಎ-ಜಾನ್. ಅರ್ಧ ಕಲಿತ ವೈದ್ಯ ಪ್ರಾಣಕ್ಕೆ ಅಪಾಯ ಎಂದರ್ಥ. ಇಂದು ಆ ಅರ್ಧ ಹಕೀಮ ನಮ್ಮ ಜೇಬಿನಲ್ಲೇ ಇದ್ದಾನೆ.

ಹಾಗಾದರೆ ಮಾಡಬೇಕಾದದ್ದೇನು? ದೇಹ ತಾನೇ ತಯಾರಿಸುವ ಮೆಲಟೋನಿನ್‌ಗೆ ಕಾಸು ಕೊಡಬೇಕಿಲ್ಲ. ಅದಕ್ಕೆ ಬೇಕಾದದ್ದು ಕತ್ತಲೆ ಮತ್ತು ಹೊತ್ತಿಗೆ ಸರಿಯಾದ ನಿದ್ದೆ. 2022ರಲ್ಲಿ ಅದೇ ಹೃದಯ ಸಂಘ ಹೃದಯ ರಕ್ಷಣೆಯ ಎಂಟು ಸೂತ್ರಗಳಲ್ಲಿ ನಿದ್ದೆಯನ್ನೂ ಸೇರಿಸಿತು. ದೊಡ್ಡವರಿಗೆ 7ರಿಂದ 9 ಗಂಟೆ, ಹದಿಹರೆಯದವರಿಗೆ 8ರಿಂದ 10 ಗಂಟೆ.

ನಮ್ಮ ಕಡೆ ಇದು ಸುಲಭವಲ್ಲ ಎಂಬುದೂ ಗೊತ್ತು. ಚನ್ನಗಿರಿ, ಹೊನ್ನಾಳಿ, ನ್ಯಾಮತಿಗಳಲ್ಲಿ ಅಡಿಕೆ ಸುಗ್ಗಿ ಬಂದರೆ ಸುಲಿಯುವ, ಬೇಯಿಸುವ ಕೆಲಸ ರಾತ್ರಿಯಾದರೂ ಮುಗಿಯದು. ಜಗಳೂರಿನ ಕಡೆ ರಾತ್ರಿ ಕರೆಂಟು ಬಂದಾಗ ರೈತ ಟಾರ್ಚ್ ಹಿಡಿದು ಪಂಪ್‌ಸೆಟ್ಟಿಗೆ ಓಡುತ್ತಾನೆ. ಹೊಟ್ಟೆಪಾಡಿಗೆ ನಿದ್ದೆಗೆಡುವವರನ್ನು ನಾನು ದೂರಲಾರೆ. ಅಂಥವರು ಬಿ.ಪಿ., ಸಕ್ಕರೆ ಪರೀಕ್ಷೆ ತಪ್ಪಿಸಬಾರದು; ಎದೆನೋವು ಬಂದರೆ 'ಗ್ಯಾಸ್' ಎಂದು ಕೂರದೆ ಕೂಡಲೇ ಆಸ್ಪತ್ರೆಗೆ ಹೋಗಿ ಇ.ಸಿ.ಜಿ. ಮಾಡಿಸಬೇಕು.

ಆದರೆ ವಿದ್ಯಾರ್ಥಿಗಳೇ, ಕೆಲಸವಿಲ್ಲದೆ ಮೊಬೈಲಿಗಾಗಿ ಎಚ್ಚರವಿರುವ ನಮಗೆ ಏನು ನೆಪ? ಮೊದಲ ಪೀರಿಯಡ್ಡಿನಲ್ಲಿ ತೂಕಡಿಸುವ ಮುಖಗಳನ್ನು ನಾನು ದಿನವೂ ನೋಡುತ್ತೇನೆ. ಇಶಾ ನಮಾಜು ಮುಗಿಸಿ ಬೇಗ ಮಲಗಿ, ಫಜರ್‌ಗೆ ಏಳುತ್ತಿದ್ದ ನಮ್ಮ ಅಜ್ಜ ಅಜ್ಜಿಯರಿಗೆ ಮೆಲಟೋನಿನ್ ಹೆಸರು ಗೊತ್ತಿರಲಿಲ್ಲ, ಅದರ ಲಾಭ ಸಿಗುತ್ತಿತ್ತು. ಮಲಗುವ ಒಂದು ಗಂಟೆ ಮೊದಲು ಮೊಬೈಲನ್ನು ಬೇರೆ ಕೋಣೆಯಲ್ಲಿಡಿ. ಪರೀಕ್ಷೆಯ ಓದನ್ನು ಬೆಳಗಿನ ಜಾವಕ್ಕೆ ಇಟ್ಟುಕೊಳ್ಳಿ.

ನನ್ನ ಸಹೋದ್ಯೋಗಿ ವೈದ್ಯರನ್ನು ಕಂಡರು. ಬಿ.ಪಿ. ಮಾತ್ರೆ ಮುಂದುವರಿದಿದೆ, ಆ ಡಬ್ಬಿ ಮುಚ್ಚಿದೆ. ಈಗ ರಾತ್ರಿ ಹತ್ತಕ್ಕೆ ಅವರ ಮನೆಯ ದೀಪ ಆರುತ್ತದೆ. ನಮ್ಮ ಮನೆಗಳಲ್ಲೂ ಹಾಗೇ ಆಗಲಿ, ಅಲ್ಲಾಹನು ಎಲ್ಲರಿಗೂ ಆರೋಗ್ಯ ಕರುಣಿಸಲಿ ಎಂದು ಹಾರೈಸಿ ನನ್ನ ಮಾತು ಮುಗಿಸುತ್ತೇನೆ.